ಬಿತ್ತುವ ಮೊದಲೇ ಪಾಲು

ತೋಟದ ಕೆಲಸ ಬಿಟ್ಟು ಬಂದಿದ್ದೀರಿ, ಆದ್ದರಿಂದ ಪೀಠಿಕೆ ಬೇಡ. ಇಂದಿನ ಮಾತು ಸಮುದಾಯ ಬೆಂಬಲಿತ ಕೃಷಿಯದು: ಬಿತ್ತುವ ಮೊದಲೇ ಹಣ ಕೊಟ್ಟ ಮನೆಗಳಿಗೆ ವಾರವಾರ ತರಕಾರಿಯ ಚೀಲ ತಲುಪಿಸುವುದು.

ನಮ್ಮ ಹಳ್ಳಿಗಳಲ್ಲಿ ಆಯದ ಪದ್ಧತಿ ಇದ್ದದ್ದು ಹಿರಿಯರಿಗೆ ನೆನಪಿರಬಹುದು. ಕಮ್ಮಾರರು, ಬಡಗಿಗಳು, ಅಗಸರು ವರ್ಷವಿಡೀ ದುಡಿದುಕೊಟ್ಟು ಸುಗ್ಗಿಯಲ್ಲಿ ಕಣದಿಂದ ಕಾಳು ಒಯ್ಯುತ್ತಿದ್ದರು. ಜಾತಿಯ ಮೇಲುಕೀಳು ಅದರೊಳಗೆ ಹೆಣೆದುಕೊಂಡಿತ್ತು, ಅದನ್ನು ಹಾಡಿಹೊಗಳಲು ನಾನು ಬಂದಿಲ್ಲ. ಆದರೆ ಪೈರು ಏಳುವ ಮೊದಲೇ ಅದರಲ್ಲಿ ಇನ್ನೊಬ್ಬರ ಪಾಲು ಗೊತ್ತಾಗಿರುತ್ತಿತ್ತು. ಸಮುದಾಯ ಬೆಂಬಲಿತ ಕೃಷಿಯಲ್ಲೂ ಹಾಗೆಯೇ. ಪೇಟೆಯ ಕುಟುಂಬ ದುಡಿಮೆಯ ಬದಲು ಹಣವನ್ನು ಮುಂಗಡವಾಗಿ ಕೊಡುತ್ತದೆ. ಮಳೆ ಕೈಕೊಟ್ಟರೆ ಅವರ ಚೀಲವೂ ಹಗುರಾಗುತ್ತದೆ.

ಜಪಾನಿನಲ್ಲಿ 1970ರ ದಶಕದಲ್ಲಿ ಕೀಟನಾಶಕಕ್ಕೆ ಹೆದರಿದ ಗೃಹಿಣಿಯರು ನೇರವಾಗಿ ರೈತರೊಡನೆ ಮಾತುಕತೆಗೆ ಕುಳಿತರು. ಅದಕ್ಕೆ ಅಲ್ಲಿ ‘ತೇಯ್ಕೇಯ್’ ಎನ್ನುತ್ತಾರೆ, ಕೈಜೋಡಿಸುವುದು ಎಂದರ್ಥ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಇಂಡಿಯನ್ ಲೈನ್ ಫಾರ್ಮ್‌ನಲ್ಲಿ ರಾಬಿನ್ ವ್ಯಾನ್ ಎನ್ ಎಂಬ ರೈತಮಹಿಳೆ ಮತ್ತು ಸಂಗಡಿಗರು 1985ರಲ್ಲಿ ಮೊದಲು ಹಂಚಿದ್ದು ಸೇಬಿನ ಪಾಲನ್ನು. ತರಕಾರಿ ಬಂದದ್ದು ಮರುವರ್ಷ. ಮರದಲ್ಲಿ ಆಗಲೇ ಇದ್ದ ಹಣ್ಣಿನಿಂದ ಆರಂಭಿಸಿದ ಆ ಜಾಣತನ ನನಗೆ ಇರಲಿಲ್ಲ.

ನಾನು ಮೊದಲ ವರ್ಷವೇ ಹದಿನಾಲ್ಕು ಬಗೆಯ ತರಕಾರಿಯ ಮಾತು ಕೊಟ್ಟೆ. ಬೀಜವನ್ನೆಲ್ಲ ಒಂದೇ ವಾರದಲ್ಲಿ ಬಿತ್ತಿದೆ. ಸತತ ಮೂರು ಶನಿವಾರ ಚೀಲದ ತುಂಬ ಮೂಲಂಗಿ! ನಾಲ್ಕನೆಯ ಶನಿವಾರ ಮೂರು ಮನೆಗಳು ಬಾಗಿಲನ್ನೇ ತೆರೆಯಲಿಲ್ಲ. ಸೊಪ್ಪು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ, ಹುರುಳಿಕಾಯಿಗೆ ಸುಮಾರು ಎರಡು ತಿಂಗಳು ಬೇಕು, ಬದನೆಗೆ ಅದಕ್ಕಿಂತ ಹೆಚ್ಚು. ದಂಟು, ಮೆಂತ್ಯ, ಮೂಲಂಗಿಯನ್ನು ವಾರಕ್ಕೊಂದು ಮಡಿಯಂತೆ ಬಿತ್ತುತ್ತ ಹೋಗಬೇಕು. ಇದು ಗೊತ್ತಿಲ್ಲದ ವಿಷಯವೇನಲ್ಲ. ಮಂಡಿಗೆ ಲೋಡುಗಟ್ಟಲೆ ಕಳಿಸಿ ರೂಢಿಯಾದ ಕೈಗೆ ಅದು ಮರೆತುಹೋಗಿರುತ್ತದೆ, ಅಷ್ಟೆ.

ಇನ್ನು ಲೆಕ್ಕ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾವು ಸೋಲುವುದು ಇಲ್ಲೇ. ಇಪ್ಪತ್ತು ಗುಂಟೆ ಜಾಗ, ಹನ್ನೆರಡು ಮನೆ, ಇಪ್ಪತ್ತು ವಾರ ಎಂದಿಟ್ಟುಕೊಳ್ಳಿ. ಬೀಜ, ಗೊಬ್ಬರ, ಸಾಗಣೆ, ಚೀಲ ಎಲ್ಲ ಸೇರಿ 45,000 ರೂಪಾಯಿ ಎನ್ನೋಣ. ಹನ್ನೆರಡರಿಂದ ಭಾಗಿಸಿದರೆ ಒಂದು ಪಾಲಿಗೆ 3,750. ಕೇಳಲು ಎಷ್ಟು ಚೆನ್ನ! ಆದರೆ ಕಳೆ ಕಿತ್ತವರು ಯಾರು, ಬೆಳಗಿನ ಜಾವ ಸೊಪ್ಪು ಕಟ್ಟಿದವರು ಯಾರು? ಮನೆಯವರ ಕೂಲಿ ಎಂದು 51,000 ಸೇರಿಸಿ. ಆಗ ಒಟ್ಟು 96,000, ಪಾಲಿಗೆ 8,000, ಚೀಲವೊಂದಕ್ಕೆ 400. ನಿಜವಾದ ಬೆಲೆ ಇದು. ಹೇಳಲು ಸಂಕೋಚ ಆಗುತ್ತದೆ, ಆದರೂ ಹೇಳಿ. ಮನೆಯ ಹೆಂಗಸರ ದುಡಿಮೆಗೆ ಸೊನ್ನೆ ಬರೆದು ಅಗ್ಗದ ತರಕಾರಿ ಕೊಡುವವನನ್ನು ನಾನು ಉದಾರಿ ಎನ್ನಲಾರೆ.

ಹಣವನ್ನು ಎರಡು ಕಂತಿನಲ್ಲಿ ಪಡೆಯಿರಿ, ಮೊದಲ ಕಂತು ಬಿತ್ತನೆಗೆ ಮುಂಚೆಯೇ ಕೈಸೇರಲಿ. ಪಾಲುದಾರರನ್ನು ಹುಡುಕಲು ಜಾಹೀರಾತು ಬೇಡ. ಪೇಟೆಯಲ್ಲಿರುವ ನಿಮ್ಮ ನೆಂಟರ ಮನೆ, ಅವರ ಪಕ್ಕದ ಮನೆ, ಅಷ್ಟೇ ಸಾಕು. ಒಮ್ಮೆ ಅವರನ್ನು ತೋಟಕ್ಕೆ ಕರೆಯಿರಿ. ಜಡಿಮಳೆಯಲ್ಲಿ ಟೊಮ್ಯಾಟೊಗೆ ಅಂಗಮಾರಿ ಬಡಿಯುತ್ತದೆ ಎಂಬುದನ್ನು, ಸೊಗಡಿನ ಅವರೆಕಾಯಿಗೆ ಚಳಿ ಬರುವವರೆಗೂ ಕಾಯಬೇಕು ಎಂಬುದನ್ನು ಹಣ ಪಡೆಯುವ ಮೊದಲೇ ಹೇಳಿಬಿಡಿ. ಬೆಳೆ ಹೋದ ವಾರ ಮಂಡಿಯಿಂದ ತಂದು ಚೀಲ ತುಂಬುವ ಆಸೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು. ಅದರ ಬದಲು ಅರ್ಧ ಚೀಲದೊಳಗೆ ಒಂದು ಚೀಟಿ ಇಟ್ಟೆ, ಕೊಳೆತ ಸಾಲಿನ ಫೋಟೋವನ್ನು ಮೊಬೈಲಿಗೆ ಕಳಿಸಿದೆ. ಆ ವಾರ ಒಬ್ಬರೂ ಹಣ ವಾಪಸು ಕೇಳಲಿಲ್ಲ. ಒಬ್ಬ ಅಜ್ಜಿಯಂತೂ ಮರುದಿನ ಬೂದಿ ಎರಚಲು ಹೇಳಿ ಫೋನ್ ಮಾಡಿದರು.

ನನ್ನ ಖರ್ಚಿನ ಪುಸ್ತಕ ಹಿಂದಿನ ಮೇಜಿನ ಮೇಲಿದೆ. ಪ್ರಶ್ನೆ ಕೇಳುವ ಮುಂಚೆ ತಿರುವಿಹಾಕಿ. ಮೂಲಂಗಿಯ ಪುಟವನ್ನು ಹರಿದುಹಾಕಿಲ್ಲ.