ಸೀತಾನದಿಯ ಜೊತೆ ಒಂದು ದಿನ

ಎಲ್ಲರಿಗೂ ನಮಸ್ಕಾರ.

ಉಡುಪಿಗೆ ನೆಂಟರು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೇವೆ? ಮಠ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ. ಅಲ್ವಾ? ದ್ವೀಪ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವಾಗ ಉಕ್ಕಿದ ಲಾವಾ ಆರಿ, ಬಿರುಕು ಬಿಟ್ಟು ನಿಂತ ಕಂಬಗಳು ಅಲ್ಲಿವೆ. ಆದರೆ ಒಂದು ದಿನ ಬಿಡುವು ಸಿಕ್ಕರೆ ಹತ್ತು ಜಾಗ ಸುತ್ತಬೇಡಿ. ಒಂದು ಹೊಳೆ ಹಿಡಿದು ಹೋಗಿ ಎಂದು ನಾನು ಹೇಳುತ್ತೇನೆ. ಸೀತಾನದಿ ಹಿಡಿಯಿರಿ.

ಬೆಳಗ್ಗೆ ಬೇಗ ಹೊರಟು ಆಗುಂಬೆಗೆ ಹೋಗಿ. ಉಡುಪಿಯಿಂದ ಸುಮಾರು 55 ಕಿಲೋಮೀಟರ್. ಹೊಳೆ ಹುಟ್ಟುವುದು ಅಲ್ಲೇ ನರಸಿಂಹ ಪರ್ವತದ ಕಡೆ. ಕಡಲಿನಿಂದ ಬಂದ ಮೋಡಕ್ಕೆ ಆಗುಂಬೆಯ ಘಟ್ಟ ಗೋಡೆಯಂತೆ ಅಡ್ಡ ನಿಂತಿದೆ. ಮೋಡ ಮೇಲೇರಿ ತಣ್ಣಗಾಗಿ ಸುರಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಘಟ್ಟ ಇಳಿದರೆ ಸೋಮೇಶ್ವರ ಅಭಯಾರಣ್ಯ. ಕಾರು ನಿಲ್ಲಿಸಿ, ಹಾಡು ಆಫ್ ಮಾಡಿ, ಸುಮ್ನೆ ಹತ್ತು ನಿಮಿಷ ನಿಲ್ಲಿ. ಅದೃಷ್ಟ ಇದ್ದರೆ ಮರದ ತುದಿಯಲ್ಲಿ ಸಿಂಗಳೀಕ ಕಾಣಬಹುದು. ದಯವಿಟ್ಟು ಅದಕ್ಕೆ ಚಿಪ್ಸ್ ಎಸೆಯಬೇಡಿ. ತಿಂಡಿಯ ರುಚಿ ಹತ್ತಿದ ಮಂಗ ರಸ್ತೆಗೆ ಇಳಿಯುತ್ತದೆ, ಗಾಡಿಯ ಅಡಿಗೆ ಬೀಳುತ್ತದೆ.

ಹೆಬ್ರಿಯ ಕಡೆಯಿಂದ ಕೂಡ್ಲು ತೀರ್ಥ ಜಲಪಾತಕ್ಕೆ ದಾರಿ ಇದೆ. ಕೊನೆಗೆ ಕಾಡಿನಲ್ಲಿ ನಡೆಯಬೇಕು. ಮಳೆಗಾಲದಲ್ಲಿ ಅಲ್ಲಿಗೆ ಬಿಡುವುದಿಲ್ಲ. ಯಾಕೆ ಎಂದು ನನಗೆ ಚೆನ್ನಾಗಿ ಗೊತ್ತು. ಹಲವು ವರ್ಷಗಳ ಹಿಂದೆ, ಒಂದು ಜೂನ್‌ನಲ್ಲಿ, ನಾವು ನಾಲ್ವರು ಈ ಹೊಳೆಯ ನಡುವೆ ಬಂಡೆ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದೆವು. ನಮ್ಮ ತಲೆ ಮೇಲೆ ಬಿಸಿಲು. ನೋಡನೋಡುತ್ತಾ ನೀರು ಕೆಂಪಾಯಿತು. ದಡದಲ್ಲಿದ್ದ ಅಜ್ಜರೊಬ್ಬರು "ಮಿತ್ತ್ ಬಲೆ ಮಾರಾಯ್ರೆ!" ಎಂದು ತುಳುವಿನಲ್ಲಿ ಕೂಗಿದರು, ಮೇಲೆ ಬನ್ನಿ ಅಂತ. ಓಡಿ ದಡ ಹತ್ತಿದೆವು. ಕಾಲು ಗಂಟೆಯಲ್ಲಿ ಆ ಬಂಡೆಯೇ ಕಾಣಲಿಲ್ಲ. ಮಳೆ ಬಿದ್ದದ್ದು ಮೇಲೆ, ಘಟ್ಟದಲ್ಲಿ. ಹಾಗಾಗಿ ನವೆಂಬರ್‌ನಿಂದ ಜನವರಿ ಒಳಗೆ ಹೋಗಿ. ಆಗಲೂ ನೀರು ಕೆಂಪಾದರೆ ಊಟ ಅಲ್ಲೇ ಬಿಟ್ಟು ಎದ್ದು ಬನ್ನಿ.

ಮಧ್ಯಾಹ್ನದ ಮೇಲೆ ಬಾರ್ಕೂರು. ಆಳುಪರು ಆಳಿದ ಊರು. ಕತ್ತಲೆ ಬಸದಿ ನೋಡಿ. ಅಲ್ಲಿಂದ ಮುಂದೆ ಹೊಳೆ ಅಗಲವಾಗುತ್ತದೆ, ನಿಧಾನವಾಗುತ್ತದೆ. ಸಾಲಿಗ್ರಾಮದ ಹತ್ತಿರ ಕಯಾಕ್ ಹತ್ತಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹೋಗಬಹುದು. ನನಗೆ ಇಡೀ ದಿನದಲ್ಲಿ ಬಹಳ ಇಷ್ಟದ ಹೊತ್ತು ಇದೇ. ಕಾಂಡ್ಲಾ ಬೇರುಗಳು ಕೆಸರಿನ ಮೇಲೆ ಎದ್ದು ನಿಂತಿರುತ್ತವೆ. ಕೆಸರಿನೊಳಗೆ ಗಾಳಿ ಇಲ್ಲದ್ದರಿಂದ ಬೇರು ಹೊರಗೆ ಉಸಿರಾಡುತ್ತದೆ. ಆ ಬೇರುಗಳ ಸಂದಿಯೇ ಮೀನು, ಸಿಗಡಿ ಮರಿಗಳಿಗೆ ತೊಟ್ಟಿಲು. ಅದನ್ನು ಕಡಿದು ಮಣ್ಣು ತುಂಬಿಸಿದರೆ ನಮ್ಮ ಬಟ್ಟಲಿನ ಸಿಗಡಿಗೂ ಕುತ್ತು.

ಸಂಜೆಗೆ ಕೋಡಿ ಬೆಂಗ್ರೆ ತಲುಪಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಕಿರಿದಾದ ಮರಳ ಪಟ್ಟಿ. ಸೀತೆ ಮತ್ತು ಸ್ವರ್ಣೆ ಇಲ್ಲಿ ಒಟ್ಟಿಗೆ ಕಡಲು ಸೇರುತ್ತವೆ. ಅಳಿವೆಯಲ್ಲಿ ಸೆಳೆತ ಜೋರು, ಈಜಲು ಇಳಿಯಬೇಡಿ. ದಡದಲ್ಲೇ ಕೂತು ಒಂದು ಬೊಗಸೆ ನೀರು ತೆಗೆದು ನಾಲಿಗೆಗೆ ತಾಗಿಸಿ. ಬೆಳಗ್ಗೆ ಘಟ್ಟದಲ್ಲಿ ಕಲ್ಲಿನ ಸಂದಿಯಿಂದ ಸಿಹಿಯಾಗಿ ಇಳಿಯುತ್ತಿದ್ದ ನೀರು ಈಗ ಉಪ್ಪು.