ತಣ್ಣಗಾದ ಬ್ರೇಕ್ ಬಾಯಿ ಬಿಡುವುದಿಲ್ಲ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಿಂದ ಚೆನ್ನೈಗೆ ಹೋಗುವಾಗ ಶ್ರೀಪೆರಂಬದೂರು ದಾಟಿದರೆ ಇರುಂಗಾಟ್ಟುಕೋಟೈ ಸಿಗುತ್ತದೆ. ಅಲ್ಲಿ 1990ರಿಂದ ರೇಸ್ ಟ್ರ್ಯಾಕ್ ಇದೆ. ಒಂದು ಸುತ್ತಿಗೆ ಸುಮಾರು 3.7 ಕಿಲೋಮೀಟರ್. ನಮ್ಮೂರಿನ ಕಾರು ಹುಚ್ಚಿನವರು ಸ್ವಂತ ಕಾರನ್ನೇ ಅಲ್ಲಿಗೆ ಒಯ್ದು, ಹಣ ಕಟ್ಟಿ, ಮನದಣಿಯೆ ಓಡಿಸಿಕೊಂಡು ಬರುತ್ತಾರೆ. ಆ ಹುಚ್ಚು ನನಗೂ ಇದೆ.

ಮೊದಲ ಸಲ ಹೋದಾಗ ಮೂರು ಸುತ್ತು ಸೊಗಸಾಗಿ ಆಯಿತು. ನಾಲ್ಕನೆಯದರಲ್ಲಿ, ನೇರ ರಸ್ತೆ ಮುಗಿಯುವ ಕಡೆ ಬ್ರೇಕ್ ಒತ್ತಿದೆ. ಪೆಡಲ್ ಮೆತ್ತಗೆ ಕೆಳಗಿಳಿಯಿತು, ನೆನೆದ ಹಾಸಿಗೆಯ ಮೇಲೆ ಕಾಲಿಟ್ಟ ಹಾಗೆ. ಪಟಪಟನೆ ಮೂರು ನಾಲ್ಕು ಸಲ ತುಳಿದ ಮೇಲೆ ಒಂದಿಷ್ಟು ಹಿಡಿಯಿತು. ಅಷ್ಟರಲ್ಲಿ ನಾನು ಹುಲ್ಲಿನಲ್ಲಿದ್ದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಎಂದಿನಂತೆ ಗಟ್ಟಿ! ಅದೇ ಬ್ರೇಕ್ ನಂಬಿಕೊಂಡು ಬೆಂಗಳೂರಿಗೆ ವಾಪಸ್ ಬಂದೆ. ಮಾಡಬಾರದ ಕೆಲಸ, ಮಾಡಿದೆ. ಸೋಮವಾರ ಮೆಕ್ಯಾನಿಕ್ ಒಂದು ರೌಂಡ್ ಹೋಗಿಬಂದು, "ಬ್ರೇಕ್ ಚೆನ್ನಾಗೇ ಇದೆಯಲ್ಲ ಸಾರ್, ನೀವೇ ಹೆದರಿಕೊಂಡಿದ್ದೀರ" ಅಂದ.

ಅವನ ತಪ್ಪಲ್ಲ. ಟ್ರ್ಯಾಕಿನಲ್ಲಿ ಬರುವ ಬ್ರೇಕ್ ಕಾಯಿಲೆ ಬಹಳ ಸಲ ಬಿಸಿ ಇದ್ದಾಗ ಮಾತ್ರ ಕಾಣಿಸುತ್ತದೆ. ಬಿಸಿ ಎಂದರೆ ಎಷ್ಟು? ಸಾವಿರ ಕಿಲೋ ತೂಕದ ಕಾರು ಗಂಟೆಗೆ 144 ಕಿಲೋಮೀಟರ್ ವೇಗದಿಂದ 72ಕ್ಕೆ ಇಳಿಯಬೇಕು ಅಂದುಕೊಳ್ಳಿ. ವೇಗ ಅರ್ಧವಾದರೂ ಶಕ್ತಿಯಲ್ಲಿ ಮುಕ್ಕಾಲು ಭಾಗ ಹೋಗಬೇಕು, 600 ಕಿಲೋ ಜೂಲ್. ಹೆಚ್ಚುಕಡಿಮೆ ಎರಡು ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು ಶಾಖ, ಅದೂ ಮೂರು ಸೆಕೆಂಡಿನೊಳಗೆ. ಅದರ ಬಹುಪಾಲು ಮುಂದಿನ ಎರಡು ಚಕ್ರಗಳ ಪಾಲಿಗೆ. ಪ್ರತಿ ಸುತ್ತಿನಲ್ಲೂ ಹೀಗೆ ಹಲವು ಸಲ.

ಆ ಶಾಖ ಚಕ್ರದ ಜೊತೆ ತಿರುಗುವ ಡಿಸ್ಕಿನಿಂದ ಅದನ್ನು ಒತ್ತಿ ಹಿಡಿಯುವ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಹಿಡಿದಿರುವ ಕ್ಯಾಲಿಪರಿಗೆ, ಅಲ್ಲಿಂದ ಕಾಲಿನ ಒತ್ತನ್ನು ಪ್ಯಾಡಿಗೆ ಮುಟ್ಟಿಸುವ ಬ್ರೇಕ್ ಆಯಿಲ್‌ಗೆ. ಸವೆದು ತೆಳ್ಳಗಾದ ಪ್ಯಾಡ್ ಆದರೆ ಇನ್ನೂ ಬೇಗ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಹೀರಿದ ಹಾಗೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೂರಕ್ಕೆ 3.7ರಷ್ಟು ನೀರು ಸೇರಿತೋ, ಆ ಮಿತಿ 155ಕ್ಕೆ ಬಂತು. ಕುದಿದರೆ ಒಳಗೆ ಆವಿಯ ಗುಳ್ಳೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಚುಕುವುದರಲ್ಲೇ ಮುಗಿಯುತ್ತದೆ. ತಣ್ಣಗಾದರೆ ಆವಿ ಮತ್ತೆ ದ್ರವ. ಗ್ಯಾರೇಜಿನಲ್ಲಿ ಸಾಕ್ಷಿಯೇ ಇಲ್ಲ.

ಹಾಗಾಗಿ ಪರೀಕ್ಷೆ ನಡೆಯಬೇಕಾದ್ದು ಅದೇ ಸುತ್ತಿನಲ್ಲಿ, ಬಲಗಾಲಿನಲ್ಲಿ. ಪೆಡಲ್ ಮೆತ್ತಗಾಯಿತೋ, ಆಯಿಲ್ ಮೇಲೆ ಅನುಮಾನ ಪಡಿ. ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ತುಳಿದರೂ ಕಾರು ನಿಲ್ಲುತ್ತಿಲ್ಲ, ಶಿರಾಡಿ ಘಾಟ್ ಇಳಿಯುವ ಲಾರಿಯ ಹಿಂದೆ ಬರುವಂಥ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿದೆ ಎಂದರೆ ಪ್ಯಾಡೇ ಸೋತಿದೆ. ಆಗ ಆಯಿಲ್ ಬದಲಾಯಿಸಿ ಏನೂ ಸುಖವಿಲ್ಲ. ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆದರೆ ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿದೆಯೇ ನೋಡಿಸಿ.

ಹೆಚ್ಚು ಜನ ಮೋಸಹೋಗುವುದು ಇನ್ನೊಂದರಲ್ಲಿ. ತಿರುವಿನ ಅಂಚಿನ ಕಟ್ಟೆ ಹತ್ತಿಸಿ ಇಳಿಸಿದ್ದೀರಿ, ಮುಂದಿನ ತಿರುವಿನಲ್ಲಿ ಮೊದಲ ತುಳಿತಕ್ಕೆ ಪೆಡಲ್ ಅರ್ಧ ದೂರ ಖಾಲಿ ಹೋಯಿತು, ಎರಡನೆಯದಕ್ಕೆ ಸರಿಯಾಯಿತು. ಇದೂ ಆಯಿಲ್ ಕುದಿದಂತೆಯೇ ಕಾಣುತ್ತದೆ, ಆದರೆ ಅಲ್ಲ. ಚಕ್ರದ ಬೇರಿಂಗಿನಲ್ಲಿ ಆಟ, ಅಂದರೆ ಸಡಿಲ, ಇದ್ದರೆ ಡಿಸ್ಕ್ ಓಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳಿರುತ್ತದೆ. ಮುಂದಿನ ಬ್ರೇಕಿಗೆ ಮೊದಲೇ, ನೇರ ರಸ್ತೆಯಲ್ಲಿ ಎಡಗಾಲಿನಿಂದ ಪೆಡಲನ್ನು ಮೆಲ್ಲಗೆ ತಟ್ಟಿ ನೋಡಿ. ಅದರಿಂದ ಸರಿಹೋದರೆ, ಬೇರಿಂಗ್ ನೋಡಿಸಿ.

ಪೆಡಲ್ ನಡುಗಿದರೆ "ಡಿಸ್ಕ್ ಬೆಂಡ್ ಆಗಿದೆ" ಎನ್ನುವುದು ವಾಡಿಕೆ. ಬಹಳ ಸಲ ಬೆಂಡೂ ಇಲ್ಲ, ಏನೂ ಇಲ್ಲ. ಕಾದ ಬ್ರೇಕನ್ನು ಪಿಟ್‌ನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗದಲ್ಲಿ, ಒತ್ತಿ ಹಿಡಿದು ನಿಂತಾಗ ಪ್ಯಾಡಿನ ಸರಕು ಡಿಸ್ಕಿನ ಒಂದೇ ಜಾಗಕ್ಕೆ ಅಂಟಿಕೊಂಡಿರುತ್ತದೆ, ಅಷ್ಟೇ. ಅದಕ್ಕೇ ಕೊನೆಯ ಸುತ್ತು ನಿಧಾನವಾಗಿ ಹೊಡೆದು ಬ್ರೇಕ್ ತಣ್ಣಗಾಗಿಸಬೇಕು, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಬೇಕು.

ಬ್ರೇಕಿನ ತಪ್ಪು ಓಡಿಸುವವನ ತಲೆಗೆ ಬರುವುದು ದೊಡ್ಡವರನ್ನೂ ಬಿಟ್ಟಿಲ್ಲ. 2014ರಲ್ಲಿ ಮೆಲ್ಬೋರ್ನ್‌ನ ಫಾರ್ಮುಲಾ ಒನ್ ರೇಸಿನ ಮೊದಲ ತಿರುವಿನಲ್ಲೇ ಕಮುಯಿ ಕೊಬಯಾಶಿಯ ಕಾರು ಫೆಲಿಪೆ ಮಾಸಾನ ಕಾರಿಗೆ ಹಿಂದಿನಿಂದ ಗುದ್ದಿತು. ಮಾಸಾ ಕೆಂಡವಾದ. ವಿಚಾರಣೆಯಲ್ಲಿ ಕೈಕೊಟ್ಟದ್ದು ಕೊಬಯಾಶಿಯ ಕಾರಿನ ಹಿಂದಿನ ಬ್ರೇಕ್ ಎಂದು ತೇಲಿತು. ಅವರ ಕಾರಿನಲ್ಲಿ ಎಲ್ಲವನ್ನೂ ಬರೆದಿಡುವ ಯಂತ್ರ ಇರುತ್ತದೆ. ನಮ್ಮದರಲ್ಲಿ ಅದಿಲ್ಲ.

ನಾನು ಚೀಟಿ ಇಟ್ಟುಕೊಂಡೆ. ಮುಂದಿನ ವಾರ ಅದೇ ಮೆಕ್ಯಾನಿಕ್ ಕೈಗೆ ಕೊಟ್ಟೆ: "ನಾಲ್ಕನೇ ಸುತ್ತು. ಪೆಡಲ್ ಮೆತ್ತಗೆ. ಪಂಪ್ ಮಾಡಿದರೆ ಬಂತು. ವಾಸನೆ ಇಲ್ಲ. ಆರಿದ ಮೇಲೆ ಸರಿ." ಓದಿದ, ಮಾತಾಡಲಿಲ್ಲ. ಕ್ಯಾಲಿಪರಿನಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ ಒಂದು ಖಾಲಿ ನೀರಿನ ಬಾಟಲಿಗೆ ಆಯಿಲ್ ಇಳಿಸಿದ. ಡಿಕಾಕ್ಷನ್ ಬಣ್ಣ. ಬೆಳಕಿಗೆ ಹಿಡಿದು ನೋಡಿ ನನ್ನ ಕಡೆ ತಿರುಗಿದ.

"ಕಾರು ತಗೊಂಡಾಗಿಂದ ಇದನ್ನ ಬದಲಾಯಿಸೇ ಇಲ್ವಾ ಸಾರ್?"