ಖಾಲಿ ರೇಕುಗಳ ಟೈಮ್‌ಟೇಬಲ್

ಕೇಳುಗರಿಗೆಲ್ಲ ನಮಸ್ಕಾರ.

ರೈಲುಗಳಿಗೆ ದಾರಿ ಬಿಡುವ ಬ್ರಿಟನ್ನಿನ ಸಿಗ್ನಲ್ ಕ್ಯಾಬಿನ್ನುಗಳನ್ನು ಮನೆಯ ಕಂಪ್ಯೂಟರಿನಲ್ಲೇ ನಡೆಸಲು ಸಿಮ್‌ಸಿಗ್ ಎಂಬ ಪ್ರೋಗ್ರಾಂ ಇದೆ. ಅದರ ಪರದೆಯ ಮೇಲೆ ರೈಲಿನ ಚಿತ್ರವೇ ಇರುವುದಿಲ್ಲ. ಗೆರೆಗಳು, ಸಿಗ್ನಲ್ಲುಗಳು, ರೈಲಿನ ನಂಬರುಗಳು, ಅಷ್ಟೇ. ಒಂದು ಸಿಗ್ನಲ್ ಒತ್ತಿ ಮುಂದಿನದನ್ನು ಒತ್ತಿದರೆ ನಡುವಿನ ದಾರಿ ಬೆಳ್ಳಗಾಗುತ್ತದೆ. ರೈಲು ಬಂದಾಗ ಕೆಂಪಾಗುತ್ತದೆ. ಇದರಲ್ಲಿ ಹಳೇ ಕಾಲದ ಒಂದು ದಿನವನ್ನು ಮತ್ತೆ ಓಡಿಸುವ ಹುಚ್ಚು ಕೆಲವರಿಗಿದೆ. ನನಗೂ ಇದೆ ಅನ್ನಿ.

ಪ್ರಯಾಣಿಕರ ಹಳೇ ಟೈಮ್‌ಟೇಬಲ್ ಹುಡುಕಿದರೆ ಸಿಗುತ್ತದೆ. ಕಷ್ಟ ಇರುವುದು ಜನ ಇಳಿದ ಮೇಲೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನೋಡಿ. 1970ರ ದಶಕದಲ್ಲಿ ಎಡಿನ್‌ಬರೋ ಕಡೆಯಿಂದ ಡೆಲ್ಟಿಕ್ ಎಂಜಿನ್ ಒಂದು ರೈಲನ್ನು ಎಳೆದು ತರುತ್ತದೆ. 3,300 ಅಶ್ವಶಕ್ತಿಯ ದೈತ್ಯ ಅದು. ಆದರೆ ಮುಂದೆ ಡೆಡ್ ಎಂಡ್, ಹಿಂದೆ ಬೋಗಿಗಳು. ಅಲ್ಲೇ ಸಿಕ್ಕಿಕೊಂಡಿತು! ಇನ್ನೊಂದು ಎಂಜಿನ್ ಬಂದು ಖಾಲಿ ರೇಕನ್ನು, ಅಂದರೆ ಜನ ಇಳಿದ ಬೋಗಿಗಳ ಸಾಲನ್ನು, ಹಾರ್ನ್ಸಿ ಕಡೆಯ ಯಾರ್ಡಿಗೆ ಎಳೆದುಕೊಂಡು ಹೋಗಬೇಕು. ನಮ್ಮಲ್ಲಿ ತೊಳೆದು ಪರೀಕ್ಷಿಸಲು ಪಿಟ್ ಲೈನಿಗೆ ಹಾಕುವುದು ಅಂತೀವಲ್ಲ, ಹಾಗೆ. ಆಮೇಲೆ ಡೆಲ್ಟಿಕ್ ಒಂದೇ ಹೊರಟು ಫಿನ್ಸ್‌ಬರಿ ಪಾರ್ಕ್ ಶೆಡ್ಡಿಗೋ, ಸ್ಟೇಷನ್ ಪಕ್ಕದ ಯಾರ್ಡಿಗೋ ಹೋಗುತ್ತದೆ. ಟೈಮ್‌ಟೇಬಲ್ಲಿನಲ್ಲಿ ಒಂದೇ ಸಾಲು. ಸಿಗ್ನಲ್‌ಮನ್‌ಗೆ ನಾಲ್ಕು ಓಡಾಟ.

ಪ್ಲಾಟ್‌ಫಾರ್ಮುಗಳ ತುದಿಯಲ್ಲೇ ಗ್ಯಾಸ್‌ವರ್ಕ್ಸ್ ಸುರಂಗಗಳು. ಮೂರಿದ್ದವು. 1977ರಲ್ಲಿ ಒಂದನ್ನು ಮುಚ್ಚಿದರು, ಮತ್ತೆ ತೆರೆದದ್ದು 2021ರಲ್ಲಿ. ಹಾಗಾಗಿ 1975ರ ಟೈಮ್‌ಟೇಬಲ್ಲನ್ನು 1980ರ ಹಳಿಗಳ ಮೇಲೆ ಸುಮ್ನೆ ಹಾಕಿದರೆ ಸರಿಹೋಗುವುದಿಲ್ಲ. ಹಾಕುವವರು ಇದ್ದಾರೆ. ಓಡುತ್ತದೆ ಕೂಡ, ಆದರೆ ಅದು ಯಾವ ವರ್ಷದ್ದೂ ಅಲ್ಲ.

ಹಾಗಾದರೆ ಈ ಖಾಲಿ ಓಡಾಟಗಳನ್ನು ಪತ್ತೆ ಮಾಡುವುದು ಹೇಗೆ? ಸಿಬ್ಬಂದಿಗೆ ಕೊಡುತ್ತಿದ್ದ ವರ್ಕಿಂಗ್ ಟೈಮ್‌ಟೇಬಲ್ ಇದೆ. ಹಳಿ ಪಕ್ಕ ನಿಂತು ಎಂಜಿನ್ ನಂಬರ್ ಬರೆದುಕೊಳ್ಳುತ್ತಿದ್ದವರ ಪುಸ್ತಕಗಳಿವೆ. ಫೋಟೋಗಳಿವೆ. ಹಳೇ ಫೋಟೋದಲ್ಲಿ ಎಂಜಿನ್ನಿನ ಮೂತಿಯ ಮೇಲೆ ನಾಲ್ಕಕ್ಷರದ ರೈಲು ನಂಬರ್ ಕಾಣುತ್ತದೆ. ಮೊದಲ ಅಂಕಿ 1 ಇದ್ದರೆ ಎಕ್ಸ್‌ಪ್ರೆಸ್, 0 ಇದ್ದರೆ ಬರೀ ಎಂಜಿನ್. ನೋಡಿದ ಕೂಡಲೇ ಅರ್ಧ ಕೆಲಸ ಮುಗಿಯಿತು. ಆದರೆ 1976ರಿಂದ ಹಾಗೆ ತೋರಿಸುವುದನ್ನೇ ನಿಲ್ಲಿಸಿಬಿಟ್ಟರು. ಆಮೇಲಿನ ಫೋಟೋಗಳಲ್ಲಿ ನಾಲ್ಕು ಸೊನ್ನೆ, ಇಲ್ಲವೇ ಎರಡು ಬಿಳಿ ಚುಕ್ಕೆ. ಹಳಿಗಳು ಬದಲಾಗಿ ಹೊಸ ಲೆಕ್ಕ ಬೇಕಾದ ಕಾಲಕ್ಕೇ ಸಾಕ್ಷಿ ಹೋಯಿತು! ಹೊಟ್ಟೆ ಉರಿಯುತ್ತೆ, ಅಲ್ವಾ?

ಆಗ ಎಂಜಿನ್ನುಗಳ ಲೆಕ್ಕವೇ ಕೈಹಿಡಿಯುವುದು. ಡೆಲ್ಟಿಕ್‌ಗಳು ಇದ್ದದ್ದು 22 ಮಾತ್ರ. ಫಿನ್ಸ್‌ಬರಿ ಪಾರ್ಕಿನವಕ್ಕೆ ರೇಸ್ ಕುದುರೆಗಳ ಹೆಸರು. ಬೆಳಿಗ್ಗೆ ಬಂದ ಎಂಜಿನ್ ಮಧ್ಯಾಹ್ನ ಇನ್ನೊಂದು ರೈಲಿನ ಜೊತೆ ಕಂಡರೆ, ನಡುವೆ ಅದು ಶೆಡ್ಡಿಗೆ ಹೋಗಿ ಬರುವಷ್ಟು ಹೊತ್ತಿತ್ತಾ ಎಂದು ಲೆಕ್ಕ ಹಾಕಬಹುದು. ಇಲ್ಲದಿದ್ದರೆ ಪಕ್ಕದ ಯಾರ್ಡಿನಲ್ಲೇ ನಿಂತಿರಬೇಕು.

ಒಂದೇ ವರ್ಷ ಆರಿಸಿ ಅಂದರೆ ನಾನು 1978ರ ಬೇಸಿಗೆ ಅನ್ನುತ್ತೇನೆ. ಆ ಮೇ ತಿಂಗಳಲ್ಲೇ ಈ ದಾರಿಗೆ ಎರಡೂ ತುದಿಯಲ್ಲಿ ಎಂಜಿನ್ ಇರುವ ಎಚ್‌ಎಸ್‌ಟಿ ರೈಲುಗಳು ಬಂದವು. ಒಂದು ಪ್ಲಾಟ್‌ಫಾರ್ಮಿನಲ್ಲಿ ಎಚ್‌ಎಸ್‌ಟಿ ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ. ಪಕ್ಕದಲ್ಲಿ ಡೆಲ್ಟಿಕ್ ತನ್ನ ರೇಕು ಯಾವಾಗ ಹೋಗುತ್ತದೋ ಎಂದು ಕಾಯುತ್ತಿರುತ್ತದೆ. 1982ರ ಜನವರಿಗೆ ಡೆಲ್ಟಿಕ್‌ಗಳ ಓಡಾಟ ಮುಗಿಯಿತು, ಮರುವರ್ಷ ಫಿನ್ಸ್‌ಬರಿ ಪಾರ್ಕ್ ಶೆಡ್ಡೂ ಮುಚ್ಚಿತು. ಆಮೇಲಿನ ವರ್ಷಗಳನ್ನು ಆಡುವುದು ಸುಲಭ. ಅದಕ್ಕೇ ನನಗೆ ಅವು ಅಷ್ಟು ಹಿಡಿಸಲಿಲ್ಲ.

ನಮಸ್ಕಾರ.